ಚಿಗಳಿಗೆ ತಗುಲಿದ ದೃಷ್ಟಿ

ಉತ್ತರಹಳ್ಳಿಯ ಮುನಿತಾಯಮ್ಮನವರು ಹೊಲವಿದ್ದ ಕಾಲದಲ್ಲಿ ರಾಗಿ ಉಳಿಸಿಕೊಳ್ಳಲು ಇಲಿಬೋನು ಇಡುತ್ತಿದ್ದವರು. ಈಗ ಅದೇ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿವೆ. ಮೊಮ್ಮಗಳು ಹರ್ಷಿತಾ ಸಾಕಿದ ಬಿಳಿ ಇಲಿ ಚಿಗಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅವರು ಧಾರಾವಾಹಿ ನೋಡುತ್ತಾರೆ.

ಒಂದು ಬೆಳಿಗ್ಗೆ ಚಿಗಳಿಯ ಕಣ್ಣು, ಮೂಗಿನ ಸುತ್ತ ಕೆಂಪಗೆ ಕಂಡಿತು. ಉಸಿರಿನಲ್ಲಿ ಗೊರಗೊರ ಸದ್ದು. ಬಾಡಿಗೆಯವರ ದೃಷ್ಟಿ ತಗುಲಿ ರಕ್ತ ಬಂದಿದೆ ಎಂದುಕೊಂಡ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಚಿಗಳಿಯಂತೂ ಪಕ್ಕೆ ಎಳೆದುಕೊಂಡು ಉಸಿರಾಡತೊಡಗಿತು. ಅಜ್ಜಿ ಮೊಮ್ಮಗಳು ಹೆದರಿ, ಆಟೊ ಹತ್ತಿ ಜೆ.ಪಿ. ನಗರದ ಪಶುವೈದ್ಯೆಯ ಬಳಿಗೆ ಓಡಿದರು.

“ಇದು ರಕ್ತ ಅಲ್ಲ ಅಜ್ಜಿ. ಇಲಿ ಕಣ್ಣೀರಿಗೇ ಕೆಂಪು ಬಣ್ಣ, ಹುಷಾರಿಲ್ದಾಗ ಜಾಸ್ತಿ ಬರತ್ತೆ,” ಎಂದರು ಡಾಕ್ಟರು. “ಎದೆ ಕಟ್ಟಿದೆ, ಔಷಧಿ ಕೊಡ್ತೀನಿ. ಹೊಗೆ ಮಾತ್ರ ಬೇಡ. ಎರಡು ವರ್ಷ ಆಯ್ತು ಅಂದ್ರೆ ಇವಳಿಗೂ ನಿಮ್ಮಷ್ಟೇ ವಯಸ್ಸು.”

“ನನ್ನಷ್ಟಾ? ಹಂಗಾದ್ರೆ ಮಂಡಿ ನೋವೂ ಇರ್ಬೇಕು. ಹರ್ಷಿ, ಮನೆಗೆ ಹೋಗ್ತಿದ್ದಂಗೆ ಆ ಗೂಡಲ್ಲಿರೋ ಏಣಿ ತೆಗ್ದಾಕು.”

ಔಷಧಿ ನಾಟಿತು, ಚಿಗಳಿಯ ಉಸಿರು ಹಗುರಾಯಿತು. ಶುಕ್ರವಾರ ಸಂಜೆ ಅಜ್ಜಿ ಸಾಂಬ್ರಾಣಿ ಹಿಡಿದು ನೇರ ಅಂಗಳಕ್ಕೆ ನಡೆದರು.

“ದೇವ್ರು ಒಳಗಿದಾನಲ್ಲಜ್ಜಿ?”

“ಅವ್ನಿಗೇನು, ಎಲ್ಲಿಟ್ರೂ ತಗೋತಾನೆ. ನೀನು ಅವಳಿಗೆ ಗಂಜಿ ಕೊಡು, ಆರೋಗತ್ತೆ.”