ಸಂಗೀತಾಳ ಪಂಚಾಂಗ

ಅಜ್ಜಂಪುರದ ಸಂಗೀತಾ ಕೂತಲ್ಲಿ ಕೂರುವ ಹೆಂಗಸಲ್ಲ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುತ್ತಾಳೆ, ಅಲ್ಲಿ ಬಟ್ಟೆ ಒಣಹಾಕುವುದನ್ನು ಅರ್ಧಕ್ಕೆ ಬಿಟ್ಟು ಗಂಡನ ಗೊಬ್ಬರದ ಅಂಗಡಿಗೆ ಫೋನ್ ಮಾಡುತ್ತಾಳೆ, ಫೋನ್ ಇಡುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ರಾಡಿ. ಟಿವಿಯ ಧಾರಾವಾಹಿ ಒಂದನ್ನೂ ಪೂರ್ತಿ ನೋಡಿದವಳಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಮಜ್ಜಿಗೆ ಬರುವ ಮೊದಲೇ ಎದ್ದುಬಿಡುತ್ತಾಳೆ. ಅವಳ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಅವಳ ಗಂಡ ರಾಜಶೇಖರ್ ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾನೆ.

ಇಂಥವಳು ವರ್ಷಕ್ಕೆ ಒಂದು ಪುಸ್ತಕವನ್ನು ಮಾತ್ರ ಕೂತು ಓದುತ್ತಾಳೆ. ಯುಗಾದಿಗೆ ಮುಂಚೆ ತವರಾದ ಚೌಳಹಿರಿಯೂರಿಗೆ ಹೋಗುವುದು, ಬರುವಾಗ ಕಡೂರಿನಲ್ಲಿ ಇಳಿದು ಪುಸ್ತಕದಂಗಡಿಗೆ ನುಗ್ಗುವುದು, ಆ ವರ್ಷದ ಆಯ್ದ ವಿಜ್ಞಾನ ಕಥೆಗಳ ಸಂಕಲನ ಬಂದಿದೆಯೋ ಇಲ್ಲವೋ ಎಂದು ವಿಚಾರಿಸುವುದು. ಬಂದಿಲ್ಲ ಎಂದರೆ ಅಂಗಡಿಯವನಿಗೆ ಗ್ರಹಚಾರ. ಹಬ್ಬ ಮುಗಿಯುವ ತನಕ ದಿನಾ ಅವಳ ಫೋನ್ ಬರುತ್ತದೆ. ಕಡೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದುವಾಗ ಲೈಬ್ರರಿಯಲ್ಲಿ ಇಂಥದ್ದೊಂದು ಹಳೇ ಸಂಕಲನ ಕೈಗೆ ಸಿಕ್ಕಿತ್ತು. ಅವತ್ತು ಹತ್ತಿಕೊಂಡ ಹುಚ್ಚು ಮದುವೆಯಾಗಿ ಮಗಳು ಪಿಯುಸಿಗೆ ಬಂದರೂ ಇಳಿದಿಲ್ಲ.

ಕಾದಂಬರಿ ಅವಳಿಗೆ ಆಗಿಬರುವುದಿಲ್ಲ. ನಾನೂರು ಪುಟದುದ್ದಕ್ಕೂ ಒಂದೇ ಮನೆಯವರ ಜಗಳ ಕೇಳಿಕೊಂಡು ಯಾರು ಕೂರುತ್ತಾರೆ? ಆ ಜಗಳ ತನ್ನ ಮನೆಯಲ್ಲೇ ಬಿಟ್ಟಿ ಸಿಗುತ್ತದೆ ಎನ್ನುತ್ತಾಳೆ. ಈ ಪುಸ್ತಕ ಹಾಗಲ್ಲ. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಲೋಕ ಹುಟ್ಟಿ, ಬೆಳೆದು, ಮುಗಿದೇ ಹೋಗಿರುತ್ತದೆ. ಅದು ಹಿಡಿಸಲಿಲ್ಲವೇ, ಹಾಳೆ ತಿರುವಿದರೆ ಇನ್ನೊಂದು ಲೋಕ ಕಾದಿರುತ್ತದೆ, ಅದನ್ನು ಬರೆದವರೂ ಬೇರೆ. ಒಬ್ಬರು ಸಮುದ್ರದ ತಳಕ್ಕೆ ಕರೆದುಕೊಂಡು ಹೋಗುತ್ತಾರೆ, ಇನ್ನೊಬ್ಬರು ಚಂದ್ರನ ಮೇಲಿನ ಹೋಟೆಲಿಗೆ. ಹೋದ ವರ್ಷ ಚೆನ್ನಾಗಿ ಬರೆದವರ ಹೆಸರು ಈ ವರ್ಷದ ಪರಿವಿಡಿಯಲ್ಲಿ ಇಲ್ಲದಿದ್ದರೆ ಅವಳಿಗೆ ಸಂಕಟವಾಗುತ್ತದೆ. ಹುಷಾರಿಲ್ಲವೋ ಏನೋ, ಬರೆಯುವುದು ಬಿಟ್ಟರೋ ಏನೋ. ಸಂಪಾದಕರ ಮುನ್ನುಡಿಯನ್ನು ಕೊನೆಗೆ ಓದುತ್ತಾಳೆ, ಅದೂ ಜಗಳಕ್ಕೆ. ಇಂಥ ಕಥೆಯನ್ನು ಹೇಗೆ ಆರಿಸಿದರು ಈ ಮಹಾನುಭಾವರು ಎಂದು ಪಾತ್ರೆ ತೊಳೆಯುತ್ತಾ ಗೊಣಗುತ್ತಾಳೆ.

ಹಳೆಯ ಸಂಕಲನಗಳನ್ನೂ ಬಿಸಾಡಿಲ್ಲ. ಒಂದು ವರ್ಷದ ಪುಸ್ತಕದ ತುಂಬ ರೋಗದ ಕಥೆಗಳು, ಮತ್ತೊಂದರಲ್ಲಿ ನೀರಿಗಾಗಿ ಹೊಡೆದಾಟ, ಈಚಿನದರಲ್ಲಿ ಮನುಷ್ಯರಿಗಿಂತ ಚೆನ್ನಾಗಿ ಮಾತಾಡುವ ಯಂತ್ರಗಳು. ಯಾವ ವರ್ಷ ಜನ ಯಾವುದಕ್ಕೆ ಹೆದರಿದ್ದರು ಎಂದು ತಿಳಿಯಲು ಪೇಪರ್ ಬೇಕಿಲ್ಲ, ಪರಿವಿಡಿ ನೋಡಿದರೆ ಸಾಕು. ಅವರು ಅಂದುಕೊಂಡದ್ದರಲ್ಲಿ ಯಾವುದು ನಿಜವಾಯಿತು, ಯಾವುದು ಠುಸ್ಸಾಯಿತು ಎಂದು ತೆಗೆದು ನೋಡುವುದು ಅವಳಿಗೆ ಹಬ್ಬದೂಟ. ಮುಂದೇನು, ಮುಂದೇನು ಎಂದು ಸದಾ ಒದ್ದಾಡುವ ಜೀವಕ್ಕೆ ಅದೊಂದೇ ಕಡೆ ಉತ್ತರ ಸಿಗುತ್ತದೆ, ಅದೂ ಒಂದಲ್ಲ, ಹದಿನೈದಿಪ್ಪತ್ತು ಥರದ ಉತ್ತರ.

ಹಳ್ಳಿಯಲ್ಲಿ ಹುಟ್ಟಿ ಬೆಳೆದ ಅತ್ತೆ ಇರುವ ಮನೆಯಲ್ಲಿ ಸೊಸೆ ಮಧ್ಯಾಹ್ನ ಕಾಲು ಚಾಚಿ ಕಥೆ ಪುಸ್ತಕ ಓದುವುದು ಹೇಗೆ ನಡೆಯಿತು ಎಂದರೆ, ಅದೊಂದು ತಮಾಷೆ. ಆ ಸಂಪಾದಕರಿಗೆ ಸಂವತ್ಸರದ ಹೆಸರಿನ ಮೇಲೆ ಪ್ರೀತಿ. 'ಪ್ಲವ ಸಂವತ್ಸರದ ವಿಜ್ಞಾನ ಕಥೆಗಳು', 'ಕ್ರೋಧಿ ಸಂವತ್ಸರದ ವಿಜ್ಞಾನ ಕಥೆಗಳು' ಎಂದು ರಕ್ಷಾಪುಟದ ಮೇಲೆ ದೊಡ್ಡದಾಗಿ ಹಾಕಿಸುತ್ತಾರೆ. ಮೇಲೆ ಉಂಗುರ ಹಾಕಿಕೊಂಡ ಶನಿಯೋ, ಕೆಂಪಗಿನ ಮಂಗಳನೋ ಇದ್ದೇ ಇರುತ್ತದೆ. ಸಂಗೀತಾ ಮದುವೆಯಾಗಿ ಬಂದ ಹೊಸತರಲ್ಲಿ ಪುಸ್ತಕವನ್ನು ನೋಡಿದ ಅತ್ತೆ ಕಲ್ಲಮ್ಮ ಅದರ ಮೇಲೇನು ಬರೆದಿದೆ ಎಂದು ಮಗನನ್ನು ಕೇಳಿದರು. ಕಲ್ಲಮ್ಮನಿಗೆ ಓದು ಬಾರದು. ಅವಸರದಲ್ಲಿದ್ದ ರಾಜಶೇಖರ್ ಸಂವತ್ಸರದ ತನಕ ಓದಿ ಅಂಗಡಿಗೆ ಓಡಿದ. ಯುಗಾದಿಗೆ ಬಂದ ಪುಸ್ತಕ, ಸಂವತ್ಸರದ ಹೆಸರು, ಮೇಲೆ ಗ್ರಹ. ಪಂಚಾಂಗವಲ್ಲದೆ ಇನ್ನೇನು? ಕಲ್ಲಮ್ಮ ಅದಕ್ಕೆ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿ ಇಟ್ಟರು. ಆಮೇಲೆ ಪ್ರತಿ ವರ್ಷದ ಪುಸ್ತಕಕ್ಕೂ ಅದೇ ಮರ್ಯಾದೆ.

ಸಂಗೀತಾ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಹೇಳಿ ಏನಾಗಬೇಕಿತ್ತು? ಪುಸ್ತಕ ಕೈಯಲ್ಲಿದ್ದಷ್ಟು ಹೊತ್ತು ಅವಳನ್ನು ಯಾರೂ ಕರೆಯುವಂತಿರಲಿಲ್ಲ. ಬಂದ ನೆಂಟರಿಗೆ ಕಲ್ಲಮ್ಮನೇ ಕಾಫಿ ಮಾಡಿಕೊಟ್ಟು, ಸೊಸೆ ಪಂಚಾಂಗ ನೋಡುತ್ತಿದ್ದಾಳೆ, ಮಾತಾಡಿಸಬೇಡಿ ಎನ್ನುತ್ತಿದ್ದರು. ಹಪ್ಪಳ ಹಾಕಲು, ಮೆಣಸಿನಕಾಯಿ ಒಣಗಿಸಲು ಯಾವ ದಿನ ಒಳ್ಳೆಯದು ಎಂದು ಅವರು ಕೇಳಿದಾಗ ಸಂಗೀತಾ ಫೋನಿನಲ್ಲಿ ಹವಾಮಾನ ನೋಡಿ ಗುರುವಾರ ಎಂದೋ ಶನಿವಾರ ಎಂದೋ ಹೇಳುತ್ತಿದ್ದಳು. ಆ ದಿನ ಚೆನ್ನಾಗಿ ಬಿಸಿಲು ಬರುತ್ತಿತ್ತು. ಬೀದಿಯವರ ಹಪ್ಪಳ ನೆಂದರೂ ಕಲ್ಲಮ್ಮನ ಹಪ್ಪಳ ನೆನೆಯಲಿಲ್ಲ. ಮದುವೆ ಮುಂಜಿಗೆ ಮಠದ ಅಯ್ನೋರು, ಮಿಕ್ಕಿದ್ದಕ್ಕೆಲ್ಲ ಸೊಸೆಯ ಪಂಚಾಂಗ ಎಂದು ಕಲ್ಲಮ್ಮ ನಿಕ್ಕಿ ಮಾಡಿಕೊಂಡುಬಿಟ್ಟರು.

ಈ ವರ್ಷ ವಿಶ್ವಾವಸು ಸಂವತ್ಸರದ ಪುಸ್ತಕ ಬಂದು ಎರಡು ತಿಂಗಳೂ ಆಗಿರಲಿಲ್ಲ, ಕಲ್ಲಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಕಷಾಯ ಆಯಿತು, ತರೀಕೆರೆಯ ಡಾಕ್ಟರರ ಮಾತ್ರೆ ಆಯಿತು. ಕೊನೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದವರು ಪಿತ್ತಕೋಶದ ತುಂಬ ಕಲ್ಲಿದೆ, ಕೀವಾಗುತ್ತಿದೆ, ಮಂಗಳವಾರವೇ ಆಪರೇಷನ್ ಆಗಬೇಕು, ತಡಮಾಡಿದರೆ ಒಡೆದು ಜೀವಕ್ಕೆ ಸಂಚಕಾರ ಎಂದರು. ಕಲ್ಲಮ್ಮನ ಹೊಟ್ಟೆಯಲ್ಲಿ ಕಲ್ಲಲ್ಲದೆ ಮುತ್ತಿರುತ್ತದೆಯೇ ಎಂದು ಅಕ್ಕಪಕ್ಕದವರು ನಗಿಸಲು ನೋಡಿದರು. ಸಂಗೀತಾಳಿಗೆ ನಗು ಬರಲಿಲ್ಲ. ಈ ವಯಸ್ಸಿಗೆ ಅರಿವಳಿಕೆ ಕೊಟ್ಟರೆ ಏಳುತ್ತಾರೆಯೇ ಎಂದು ಡಾಕ್ಟರರನ್ನು ಕೇಳಿದ್ದಳು. ಅವರು ನೇರವಾಗಿ ಉತ್ತರ ಕೊಟ್ಟಿರಲಿಲ್ಲ.

ಕಲ್ಲಮ್ಮ ಒಪ್ಪಿದ್ದರು. ಕೆಡಿಸಿದವನು ರಾಜಶೇಖರ್. ಭಾನುವಾರ ಊಟಕ್ಕೆ ಕೂತಾಗ ಗೋಡೆಯ ಕ್ಯಾಲೆಂಡರ್ ನೋಡಿ, ಮಂಗಳವಾರ ಅಷ್ಟಮಿ ಬೇರೆ ಇದೆ ಎಂದುಬಿಟ್ಟ. ಕಲ್ಲಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಮಂಗಳವಾರ, ಮೇಲೆ ಅಷ್ಟಮಿ. ಹೊಲಕ್ಕೆ ಹೋಗಲೂ ಹಿಂದೆಮುಂದೆ ನೋಡುವ ದಿನ ಹೊಟ್ಟೆ ಕೊಯ್ಸಿಕೊಳ್ಳುವುದೇ? ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಮಗ ಬೇಡಿಕೊಂಡ, ರೇಗಿದ, ಫೋನಿನಲ್ಲಿ ಡಾಕ್ಟರರಿಂದ ಹೇಳಿಸಿದ. ಏನೂ ನಡೆಯಲಿಲ್ಲ.

ಕಲ್ಲಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಸೊಸೆಯನ್ನು ಕರೆದರು. "ಲೇ ಸಂಗೀತಾ, ನಿನ್ ಪಂಚಾಂಗ ತಗಂಬಾ. ಅದು ಹೋಗು ಅಂದ್ರೆ ಹೋಯ್ತೀನಿ. ಬ್ಯಾಡ ಅಂದ್ರೆ ಯಾರ್ ಹೇಳಿದ್ರೂ ಇಲ್ಲ. ಬರೀ ದಿನ ಹೇಳ್ಬ್ಯಾಡ, ಫಲ ಏನ್ ಬರ್ದವ್ರೆ ಓದು, ಕೇಳ್ತೀನಿ."

ಸಂಗೀತಾ ದೇವರ ಗೂಡಿನ ಮುಂದೆ ನಿಂತು ಬೆವತುಹೋದಳು. ದಿನ ಚೆನ್ನಾಗಿದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಮುದುಕಿ ಹೊರಡುತ್ತಿದ್ದರು. ಆದರೆ ಹಪ್ಪಳದ ದಿನ ಹೇಳಿದ ಬಾಯಿಂದ ಸಾವು ಬದುಕಿನ ದಿನ ಹೇಳುವುದು ಹೇಗೆ? ತನ್ನ ಮಾತು ನಂಬಿ ಹೋದವರು ಏಳದಿದ್ದರೆ?  ಪುಸ್ತಕ ತೆಗೆದುಕೊಂಡು ಬಂದು ಕೂತಳು, ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಮೇಷದವರಿಗೆ ಹೀಗೆ, ವೃಷಭದವರಿಗೆ ಹಾಗೆ ಎಂದು ಏನಾದರೂ ಕಟ್ಟಿ ಹೇಳೋಣವೆಂದು ಬಾಯಿ ತೆರೆದರೆ ಒಂದು ಅಕ್ಷರವೂ ಹೊರಡಲಿಲ್ಲ. ಪುಸ್ತಕ ತಾನಾಗಿ ಬಿಚ್ಚಿಕೊಂಡ ಕಡೆ, ಅವಳು ಎರಡು ಸಲ ಓದಿ ಮಡಿಚಿದ್ದ ಕೊನೆಯ ಕಥೆ ಇತ್ತು. ಕಣ್ಣಿಗೆ ಬಿದ್ದದ್ದನ್ನು ಓದಲು ಶುರು ಮಾಡಿದಳು.

ಅದರಲ್ಲಿ ಒಬ್ಬಳು ಮುದುಕಿ. ಊರವರೆಲ್ಲ ಒಂದು ದೊಡ್ಡ ಹಡಗು ಹತ್ತಿ ಬೇರೆ ಸೂರ್ಯನಿರುವ ಕಡೆಗೆ ಹೊರಟಿದ್ದಾರೆ. ದಾರಿ ನೂರಾರು ವರ್ಷದ್ದು. ಅದಕ್ಕೇ ಎಲ್ಲರನ್ನೂ ತಣ್ಣನೆಯ ಪೆಟ್ಟಿಗೆಗಳಲ್ಲಿ ಮಲಗಿಸಿ ನಿದ್ದೆ ಬರಿಸುತ್ತಾರೆ. ತಲುಪಿದ ಮೇಲೆ ಒಂದೊಂದೇ ಪೆಟ್ಟಿಗೆ ತೆರೆಯುತ್ತದೆ, ಒಬ್ಬೊಬ್ಬರೇ ಏಳುತ್ತಾರೆ. ಮುದುಕಿಯ ಪೆಟ್ಟಿಗೆಯೂ ತೆರೆಯುತ್ತದೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಅಜ್ಜಿಯ ಕೈ ಹಿಡಿದುಕೊಂಡಿದ್ದಾಳೆ.

ಕಲ್ಲಮ್ಮ ಅಲುಗಾಡದೆ ಕೇಳುತ್ತಿದ್ದರು. ಮೊದಲು ಆ ಮುದುಕಿ ಯಾರ ಪೈಕಿ, ಯಾವ ಊರಿನವಳು ಎಂದು ವಿಚಾರಿಸಿದರು.  ಪೆಟ್ಟಿಗೆ ತೆರೆಯುವಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಇದು ಕತೆ ಅಲ್ವೇನೇ?"

"ಹೂಂ ಅತ್ತೆ. ಕತೆ."

"ಇಷ್ಟ್ ವರ್ಸ ಇದ್ನೇ ಓದ್ತಿದ್ದೇನು?"

"ಹೂಂ."

"ಮತ್ತೆ ಹಪ್ಪಳದ್ ದಿನ?"

"ಫೋನ್ ನೋಡಿ ಹೇಳ್ತಿದ್ದೆ."

ಸಂಗೀತಾ ತಲೆ ಎತ್ತಲಿಲ್ಲ. ಮನೆ ಹೊತ್ತಿ ಉರಿಯುತ್ತದೆ ಅಂದುಕೊಂಡಿದ್ದಳು. ಕಲ್ಲಮ್ಮ ಪುಸ್ತಕದ ಮೇಲಿನ ಶನಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಅದಕ್ಕೆ ತಾವೇ ಹಚ್ಚಿದ ವಿಭೂತಿ ಇನ್ನೂ ಇತ್ತು. ಹೊಟ್ಟೆ ಹಿಡಿದುಕೊಂಡು ನಗಲು ಹೋದರು, ನೋವಾಗಿ ನಿಲ್ಲಿಸಿದರು. ತಮ್ಮ ಕೈಯಲ್ಲಿ ಎಷ್ಟು ಜನಕ್ಕೆ ಕಾಫಿ ಮಾಡಿಸಿದೆಯಲ್ಲೇ ಎಂದು ಬೈದರು. ಆ ಬೈಗುಳದಲ್ಲಿ ಬಿಸಿ ಇರಲಿಲ್ಲ.

ಸಂಗೀತಾ ಮುಂದೆ ಓದಲು ಹಾಳೆ ತಿರುವಿದಳು. ಕಲ್ಲಮ್ಮ ಬೇಡ ಎಂದರು.

"ಆ ಮುದ್ಕಿ ಎದ್ಲೋ ಇಲ್ವೋ ಈಗ ಹೇಳ್ಬ್ಯಾಡ ಕಣೇ. ಅಷ್ಟಮಿ ಇದ್ರೆ ಇರ್ಲಿ, ಮಂಗಳವಾರ ನನ್ನ ಮಲಗಿಸ್ತಾರಲ್ಲ, ನಾನೆದ್ಮೇಲೆ ಓದು. ಅದ್ನ ಕೇಳಕ್ಕಾದ್ರೂ ಏಳ್ಬೇಕಲ್ಲ."

ರಾಜಶೇಖರನಿಗೆ ಸಂತೋಷವೋ ಸಂತೋಷ. ಅಮ್ಮ ಹೊರಟರಲ್ಲ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.  ಆದರೆ ಆ ಕಥೆಯ ಕೊನೆ ಸಂಗೀತಾಳಿಗೆ ಗೊತ್ತು. ಆ ಮುದುಕಿ ಏಳುವುದಿಲ್ಲ.

ಮಂಗಳವಾರ ಕಲ್ಲಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವಳು ಆಸ್ಪತ್ರೆಯ ಕಾರಿಡಾರನ್ನು ಸವೆಸಿದಳು. ಆ ತುದಿಯ ಔಷಧಿ ಅಂಗಡಿ, ಈ ತುದಿಯ ನೀರಿನ ನಲ್ಲಿ, ಮತ್ತೆ ಆ ತುದಿ. ಜವಾನ ಎರಡು ಸಲ ಕೂರಿಸಿದ, ಎರಡು ಸಲವೂ ಎದ್ದಳು. ಗಂಡನಿಗೆ ವಿಷಯ ಹೇಳಿದಾಗ ಅವನು, ಎದ್ದಳು ಅಂತ ಓದಿಬಿಡು, ಅಮ್ಮ ಏನು ಪುಸ್ತಕ ನೋಡಿ ಕಂಡುಹಿಡಿಯುತ್ತಾರೆಯೇ ಎಂದ. ಮಾತೇನೋ ಸರಿ. ನಿಂತುಕೊಂಡೇ ಅವಳು ಕೊನೆಯ ಪುಟಕ್ಕೆ ಬೇರೆ ಬೇರೆ ಸಾಲು ಹೊಂದಿಸಿ ನೋಡಿದಳು. ಮುದುಕಿ ಕಣ್ಣು ಬಿಟ್ಟಳು. ಮುದುಕಿ ಮೊಮ್ಮಗಳ ಹೆಸರು ಹಿಡಿದು ಕರೆದಳು. ಯಾವ ಸಾಲೂ ಒಗ್ಗಲಿಲ್ಲ. ಎಷ್ಟೋ ವರ್ಷ ಅತ್ತೆಗೆ ಆ ಪುಸ್ತಕದ ಹೊರಮೈಯನ್ನಷ್ಟೇ ತೋರಿಸಿ ಕಾಲ ತಳ್ಳಿದ್ದಾಯಿತು. ಈಗ ಮೊದಲನೇ ಸಲ ಅದರ ಒಳಗಿನದನ್ನು ಅವರಾಗಿ ಕೇಳುತ್ತಿದ್ದಾರೆ. ಅದನ್ನೂ ಸುಳ್ಳು ಮಾಡಿ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಓದುವ ಭಾಗ್ಯವಾದರೂ ಬರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದಳು.

ಆಪರೇಷನ್ ಮುಗಿಯಿತು ಎಂದರು. ಆದರೆ ಕಲ್ಲಮ್ಮನಿಗೆ ಎಚ್ಚರಾಗಬೇಕಾದ ಹೊತ್ತಿಗೆ ಎಚ್ಚರಾಗಲಿಲ್ಲ. ವಯಸ್ಸಾದವರಿಗೆ ನಿಧಾನವಾಗುತ್ತದೆ ಎಂದು ನರ್ಸ್ ಹೇಳಿದಳು, ಹೇಳುವಾಗ ಮುಖ ನೋಡಲಿಲ್ಲ. ಸಂಗೀತಾಳನ್ನು ಒಳಗೆ ಬಿಟ್ಟರು. ಅವಳು ಸ್ಟೂಲಿನ ಮೇಲೆ ಕೂತು ಅತ್ತೆಯ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಗಂಡ ಕಾಫಿಗೆ ಕರೆದ, ಏಳಲಿಲ್ಲ. ಊರಿಂದ ಮಗಳ ಫೋನ್ ಬಂತು, ತೆಗೆಯಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೇರಿ ಹೋಯಿತು. ಸಂಜೆ ಕಾಫಿ ಕೊಡುವ ಹೊತ್ತಿಗೆ ಆ ಕೈ ಅವಳ ಬೆರಳನ್ನು ಒತ್ತಿತು.

ಮಾರನೆಯ ದಿನ ವಾರ್ಡಿಗೆ ತಂದು ಮಲಗಿಸಿದ ಮೇಲೆ ಕಲ್ಲಮ್ಮ ಮೊದಲು ಕೇಳಿದ್ದು ಪುಸ್ತಕ ತಂದಿದ್ದೀಯಾ ಎಂದು. ಸಂಗೀತಾ ಚೀಲದಿಂದ ತೆಗೆದಳು. ಉಳಿದ ಒಂದೂವರೆ ಪುಟವನ್ನು ಇದ್ದದ್ದು ಇದ್ದ ಹಾಗೆ ಓದಿದಳು. ಪೆಟ್ಟಿಗೆ ತೆರೆದರೂ ಮುದುಕಿ ಏಳಲಿಲ್ಲ. ಜನ ಸ್ವಲ್ಪ ಹೊತ್ತು ನೋಡಿದರು, ಮುಚ್ಚಳ ಹಾಕಿದರು. ಮೊಮ್ಮಗಳು ಕಣ್ಣೊರೆಸಿಕೊಂಡು ಎಲ್ಲರ ಜೊತೆ ಹೊಸ ಸೂರ್ಯನ ಬೆಳಕಿಗೆ ಹೋದಳು. ಸಂಗೀತಾ ಪುಸ್ತಕ ಮಡಿಚಿದಳು. ತಪ್ಪು ಮಾಡಿದೆನೇನೋ ಎಂದು ಅತ್ತೆಯ ಮುಖ ನೋಡಿದಳು.

 ಬರೆದವರು ಯಾರು ಎಂದು ಕಲ್ಲಮ್ಮ ಕೇಳಿದರು. ಯಾರೋ ಹೊಸಬರು, ಹೋದ ವರ್ಷದ ಪುಸ್ತಕದಲ್ಲಿ ಇರಲಿಲ್ಲ ಎಂದು ಸಂಗೀತಾ ಹೇಳಿದಳು.

"ಅವ್ನಿಗೂ ನಿನ್ನಂಗೆ ಕೂತ್ಕಳಕ್ಕೆ ಬರಲ್ಲ ಅಂತ ಕಾಣುತ್ತೆ," ಎಂದರು ಕಲ್ಲಮ್ಮ. "ಅವಸ್ರ ಬಿದ್ದು ಮುಚ್ಚಳ ಹಾಕ್ಬಿಟ್ಟ. ಇನ್ನೊಂದ್ ಗಳಿಗೆ ಕಾದಿದ್ರೆ ಎದ್ದಿರೋಳು."