ಕೆಂಪು ವಯರು, ಕಪ್ಪು ವಯರು

ಕಳೆದ ಶನಿವಾರ ಗ್ಯಾರೇಜಿನಲ್ಲಿ ಬಿಯರಿಗೆಂದು ಬಾರ್ಲಿ ನೆನೆಹಾಕಿದ್ದೆ. ಮೊಳಕೆ ಕಟ್ಟಿ ಒಣಗಿಸಿದ ಆ ಕಾಳು ಬಿಸಿನೀರಿಗೆ ಬಿದ್ದಾಗ ಏಳುವ ಸಿಹಿ ವಾಸನೆಗೆ ಪಕ್ಕದ ಮನೆಯ ಚಾಚಾ ನೆನಪಾದರು. "ಏನ್ ತಮ್ಮಾ, ಗೋಧಿ ಹುಗ್ಗಿ ಮಾಡಾಕತ್ತೀಯೇನು?" ಎಂದು ಅವರು ಮೊದಲ ಸಲ ನಮ್ಮ ಬಾಗಿಲಲ್ಲಿ ನಿಂತಿದ್ದು ಇದೇ ವಾಸನೆ ಹಿಡಿದು. ಆಗ ನನ್ನದಿನ್ನೂ ಗ್ಯಾಸ್ ಒಲೆ.

ಹುಬ್ಬಳ್ಳಿಯಲ್ಲಿ ಜೀವಮಾನವೆಲ್ಲ ಮೋಟಾರುಗಳಿಗೆ ಪ್ಯಾನೆಲ್ ಕಟ್ಟಿದವರು. ಮಗನ ಜೊತೆ ಇರಲೆಂದು ಅಮೆರಿಕದ ಸ್ಯಾನ್ ರಮೋನಿಗೆ ಬಂದಿದ್ದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ. ಇದು ಹುಗ್ಗಿಯಲ್ಲ, ಬಿಯರು ಎಂದಾಗ "ತೌಬಾ" ಎಂದು ನಕ್ಕು ಹೋದರು. ಇನ್ನು ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡೆ. ಆದರೆ ನಾನು ಕರೆಂಟಿನ ಒಲೆಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುತ್ತೇನೆಂದು ತಿಳಿದದ್ದೇ ತಡ, ತಾವೇ ಮಡಚುವ ಕುರ್ಚಿ ಹಿಡಿದು ಬಂದರು. "ಕುಡಿಯೋದು ನಿನಗ ಬಿಟ್ಟದ್ದು. ವಯರಿಂಗ್ ನೋಡೂದು ನನ್ನ ಚಟ" ಎಂದರು.

ನಾನೋ ಸಾಫ್ಟ್‌ವೇರ್ ಬರೆಯುವವನು. ಎಲ್ಲ ಗೊತ್ತು ಎಂಬ ರೋಗ ನಮ್ಮ ಜಾತಿಗೇ ಇದೆ. ಅವರು ಬರುವ ಹೊತ್ತಿಗೆ ಉಕ್ಕಿನ ಪೆಟ್ಟಿಗೆಗೆ ಸ್ವಿಚ್ಚು, ದೀಪ, ಉಷ್ಣತೆ ತೋರಿಸುವ ಮೀಟರು ಎಲ್ಲ ಕೂರಿಸಿ ಮುಗಿಸಿದ್ದೆ. ಕೇಬಲಿನೊಳಗೆ ಕೆಂಪು, ಕಪ್ಪು, ಬಿಳಿ, ಹಸಿರು ವಯರುಗಳಿದ್ದವು. ನಮ್ಮ ಮಂಡ್ಯದ ಮನೆಯಲ್ಲಿ ಕೆಂಪು ಎಂದರೆ ಫೇಸು, ಕಪ್ಪು ಎಂದರೆ ನ್ಯೂಟ್ರಲ್ಲು. ಹಾಗಾಗಿ ಕೆಂಪಿಗೊಂದೇ ಸ್ವಿಚ್ಚು ಹಾಕಿದ್ದೆ. ಬಿಳಿಗೆ ಕೆಲಸವೇ ಕಾಣದೆ ಟೇಪು ಸುತ್ತಿ ಮೂಲೆಗೆ ತಳ್ಳಿದ್ದೆ.

ಬರೀ ನೀರಿಟ್ಟು ಪರೀಕ್ಷೆ ಮಾಡಿದೆವು. ಚೆನ್ನಾಗಿ ಕುದಿಯಿತು. ನಾನು ಹಿಗ್ಗಿ ಹೋದೆ. ಸ್ವಿಚ್ಚು ಆರಿಸಿದೆ, ದೀಪವೂ ಆರಿತು. ಪಾತ್ರೆಯ ಹಿಂದೆ ಒಂದು ವಯರು ಸಡಿಲವಾದಂತೆ ಕಂಡು ಬಿಗಿ ಮಾಡಲು ಕೈ ಚಾಚಿದೆ. ಬರಿಗಾಲು, ಒದ್ದೆ ನೆಲ… ಚಾಚಾ ನನ್ನ ರಟ್ಟೆ ಹಿಡಿದು ಎಳೆದರು.

"ಆಫ್ ಮಾಡಿದ್ದೀನಲ್ಲ ಚಾಚಾ!"

"ಬಣ್ಣ ನೋಡಿ ನಂಬಬ್ಯಾಡ."

ಜೇಬಿನಿಂದ ತಮ್ಮ ಹಳೆಯ ಟೆಸ್ಟರ್ ತೆಗೆದು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಮೊದಲು ಗೋಡೆಯ ಸಾಕೆಟ್ಟಿಗೆ ಇಟ್ಟು ಅದರ ದೀಪ ಉರಿಯುತ್ತದೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಕಪ್ಪು ವಯರಿಗೆ ಇಟ್ಟರು. ಉರಿಯಿತು. ಇಲ್ಲಿ ಇಂಥ ದೊಡ್ಡ ಒಲೆಗೆ ಕೆಂಪು, ಕಪ್ಪು ಎರಡರಲ್ಲೂ ಕರೆಂಟು ಬರುತ್ತದೆ. ನನ್ನ ಸ್ವಿಚ್ಚು ಒಂದನ್ನು ಮಾತ್ರ ಕಡಿದಿತ್ತು. ನಾನು ಬಣ್ಣದ ಡಬ್ಬಿಯ ಮೇಲೆ ಕೂತೆ.

ಮುಂದಿನ ಎರಡು ವಾರಾಂತ್ಯ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಎರಡೂ ವಯರನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು, ಕರೆಂಟು ಸೋರಿದರೆ ತಾನಾಗಿ ಬೀಳುವ ಬ್ರೇಕರು. ಕೆಲಸವೆಲ್ಲ ನನ್ನ ಕೈಯಲ್ಲೇ ಮಾಡಿಸಿದರು. ಕೊನೆಗೆ ನನ್ನ ಹೆಂಡತಿಯನ್ನು ಕರೆಸಿ, ಮನೆಯ ಮೇನ್ ಸ್ವಿಚ್ಚು ಎಲ್ಲಿದೆ ಗೊತ್ತೇ ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದರು.

"ಇಂವ ಬಿದ್ರ ಮುಟ್ಟಾಕ ಹೋಗಬ್ಯಾಡವ್ವಾ. ಮೊದಲ ಇದನ್ನ ಆರಿಸು."

ಅವಳ ಕೈಯಲ್ಲೇ ಮೂರು ಸಲ ಅದನ್ನು ಆಫ್ ಮಾಡಿಸಿ ನೋಡಿದರು. ಏನಾದರೂ ಆಗಿತ್ತಾ ಎಂದು ಅವಳು ಗಾಬರಿಯಿಂದ ಕೇಳಿದಾಗ, ನನ್ನತ್ತ ನೋಡದೆ, "ಏನಿಲ್ಲವ್ವಾ, ನಮ್ಮ ಕಡೆ ಇದು ರೂಢಿ" ಎಂದರು. ಅವತ್ತು ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಚಹಾ ತರುತ್ತೇನೆಂದು ಒಳಗೆ ಹೋದೆ.

ಚಾಚಾ ತೀರಿಕೊಂಡು ವರ್ಷವಾಯಿತು. ಕಳೆದ ಶನಿವಾರ ನಾನು ಬಾರ್ಲಿ ಕಲಕುತ್ತಿದ್ದಾಗ ಅವರ ಮಗ ಬಂದ. ಪ್ಯಾನೆಲ್ ಮೇಲೆ ಕೈಯಾಡಿಸಿ, "ಅಬ್ಬಾ ಮನೇಲಿ ಯಾವಾಗ್ಲೂ ಹೇಳ್ತಿದ್ರು ಅಣ್ಣಾ, ಇಲ್ಲಿನ ವೈರಿಂಗು ನಿಮ್ಮ ಹತ್ರಾನೇ ಕಲ್ತೆ ಅಂತ" ಎಂದ.

ನನ್ನ ಮಾನವನ್ನು ಅವರು ತಮ್ಮ ಮನೆಯೊಳಗೂ ಕಾಪಾಡಿದ್ದರು. ಒಲೆ ಆರಿಸಿ ಅವನನ್ನು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದೆ. ನಾನಿವತ್ತು ಬದುಕಿರುವುದು ನಿಮ್ಮ ತಂದೆಯಿಂದ ಎಂದೆ.

"ಇದನ್ನ ಅಬ್ಬಾಗೆ ಹೇಳಿದ್ರಾ?"

ದಿನಾ ಸಂಜೆ ವಾಕಿಂಗಿಗೆ ಹೋಗುವಾಗ ಎದುರಿಗೇ ಸಿಗುತ್ತಿದ್ದರು… ಹೇಳಿರಲಿಲ್ಲ.