ರೊಟ್ಟಿ ಗಂಟಿನೊಳಗಿನ ಬಿ.ಎ.

ಬಸವಕಲ್ಯಾಣದಲ್ಲಿ ಬಸ್ಸು ತಪ್ಪಬಹುದಿತ್ತು. ಹುಮನಾಬಾದಿನಲ್ಲಿ ಬೀದರ್ ಬಸ್ಸು ಕಣ್ಣೆದುರೇ ಹೊರಟುಬಿಡಬಹುದಿತ್ತು. ಜೆರಾಕ್ಸ್ ಒಂದು ಕಡಿಮೆ ಬೀಳಬಹುದಿತ್ತು. ನನ್ನ ಬಿಪಿ ಏರಿ, ಡಾಕ್ಟರಾಗುವ ಮೊದಲೇ ಮಗಳಿಗೆ ಅಪ್ಪನೇ ರೋಗಿಯಾಗಿ ಸಿಗಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ದಾಖಲೆ ನೋಡುವವರು ‘ಬಿ.ಎ. ಓದಿದವಳಿಗೆ ಮೆಡಿಕಲ್ ಸೀಟೇ?’ ಎಂದು ಫೈಲನ್ನು ವಾಪಸು ತಳ್ಳಬಹುದಿತ್ತು.

ಮಗಳು ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿದ್ದಳು. ಆಗ ಸೀಟು ಸಿಗದೆ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದಳು. ಆಮೇಲೆ ಮತ್ತೆ ನೀಟ್ ಬರೆದಳು, ಬೀದರಿನ ಮೆಡಿಕಲ್ ಕಾಲೇಜಿನಲ್ಲಿ ಸೀಟೂ ಬಂತು. ನಿಯಮದಲ್ಲಿ ಬಿ.ಎ.ಗೆ ಅಡ್ಡಿಯಿಲ್ಲ ಎಂದು ಅವಳು ಎಷ್ಟು ಸಲ ಓದಿ ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ನಿಯಮ ಬೇರೆ, ಮೇಜಿನ ಆಚೆ ಕೂತವರ ಮುಖ ಬೇರೆ.

ಹುಮನಾಬಾದ್ ನಿಲ್ದಾಣದಲ್ಲಿ ಅವಳು ನೀರು ತರಲು ಹೋದಾಗ, ಫೈಲಿನಿಂದ ಬಿ.ಎ. ಪ್ರಮಾಣಪತ್ರ ತೆಗೆದು ಬುತ್ತಿಯ ಗಂಟಿನಲ್ಲಿ ರೊಟ್ಟಿಗಳ ನಡುವೆ ಸೇರಿಸಿದೆ. ಕೇಳದಿದ್ದರೆ ತೋರಿಸುವುದು ಯಾಕೆ?

ಕಾಲೇಜಿನಲ್ಲಿ ದಾಖಲೆ ನೋಡುವ ಮೇಡಂ ಕಾಗದಗಳನ್ನು ತಿರುವಿದರು.

“ಪಿಯುಸಿ ಆದಮ್ಯಾಲ ಮೂರು ವರ್ಷ ಖಾಲಿ ಕಾಣಾಕತ್ತಾವಲ್ಲ ತಂಗಿ. ಏನ್ ಮಾಡಿದಿ?”

“ಬಿ.ಎ. ಮಾಡೀನ್ರಿ.”

“ಅದರ ಕಾಗದ ಎಲ್ಲದ? ಅದಿಲ್ಲದ ಮುಂದ ಹೋಗಂಗಿಲ್ಲ.”

ಮಗಳು ಫೈಲನ್ನು ಎರಡು ಸಲ ಹುಡುಕಿ ನನ್ನ ಕಡೆ ನೋಡಿದಳು. ನಾನು ಬುತ್ತಿಯ ಗಂಟು ಬಿಚ್ಚತೊಡಗಿದೆ.

“ಅಪ್ಪಾ, ಈಗ ಊಟ ಮಾಡ್ತಿ ಏನು?”

ರೊಟ್ಟಿ ಸರಿಸಿ ಕಾಗದ ತೆಗೆದುಕೊಟ್ಟೆ. ಮೇಡಂ ಅದನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ತಂದರು.

“ಎಣ್ಣಿಗಾಯಿ ಏನ್ರಿ?”

“ಹೌದ್ರಿ.”

“ಬಿ.ಎ. ಮಾಡಿದ್ದಕ್ಕ ನಾಚಿಕಿ ಏನ್ ತಂಗಿ, ರೊಟ್ಟಿಯಾಗ ಮುಚ್ಚಿಟ್ಟಿ?”

“ನನಗಿಲ್ರಿ,” ಎಂದಳು ಮಗಳು. ನಾನು ಗಂಟನ್ನು ಬಹಳ ಎಚ್ಚರಿಕೆಯಿಂದ ಮತ್ತೆ ಕಟ್ಟುತ್ತಿದ್ದೆ.

ಮೇಡಂ ಮೊಹರು ಒತ್ತಿ ಕಾಗದ ವಾಪಸು ಕೊಟ್ಟರು. ಸೀಟು ಗಟ್ಟಿಯಾಯಿತು. ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಸಿಕ್ಕವು. ಬಿಪಿ ತನ್ನ ಪಾಡಿಗೆ ಇತ್ತು. ವಾಪಸು ಬರುವಾಗ ಹುಮನಾಬಾದಿನವರೆಗೆ ಮಗಳು ಆ ಕಾಗದವನ್ನು ಕಿಟಕಿಯ ಗಾಳಿಗೆ ಹಿಡಿದೇ ಕೂತಿದ್ದಳು. ಮನೆಯಲ್ಲಿ ಅವಳ ತಾಯಿ ಎಣ್ಣೆ ಹೀರಲೆಂದು ಅದರ ಮೇಲೆ ಕಡಲೆಹಿಟ್ಟು ಉದುರಿಸಿ ನೋಡಿದಳು. ‘ಇತಿಹಾಸ’ ಎಂದು ಬರೆದ ಸಾಲಿನ ಮೇಲೆ ಬದನೆಕಾಯಿಯ ಎಣ್ಣೆ ಹಾಗೇ ಉಳಿಯಿತು.